ಚಿಕ್ಕ ವಯಸ್ಸಿಗೇ ಮೋಟಾರ್ ನ್ಯೂರಾನ್ ಕಾಯಿಲೆ ಎಂದಾಗ: ಯಾವ ಜೀನ್ ಎಂದು ಹುಡುಕುವ ದಾರಿ

ಕಾಲೇಜಿಗೆ ಹೋಗುವ ಹುಡುಗನ ಅಥವಾ ಹುಡುಗಿಯ ಫೈಲಿನ ಮೇಲೆ ‘ಎಂಎನ್‌ಡಿ’ (ಮೋಟಾರ್ ನ್ಯೂರಾನ್ ಡಿಸೀಸ್) ಎಂದು ಬರೆದ ದಿನ ಮನೆಯವರಿಗೆ ಊಟ ಸೇರುವುದಿಲ್ಲ. ರಾತ್ರಿಯೆಲ್ಲ ಮೊಬೈಲಿನಲ್ಲಿ ಹುಡುಕುತ್ತಾರೆ. ಅಲ್ಲಿ ಸಿಗುವುದು ಹೆಚ್ಚಾಗಿ ಐವತ್ತು, ಅರವತ್ತು ದಾಟಿದವರ ಮಾಹಿತಿ. ಬದುಕು ‘ಮೂರರಿಂದ ಐದು ವರ್ಷ’ ಎನ್ನುವ ಅಂಕಿ ನೋಡಿ ಮನಸ್ಸು ಕುಸಿದುಹೋಗುತ್ತದೆ.

ಆ ಅಂಕಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅದು ದೊಡ್ಡ ವಯಸ್ಸಿನಲ್ಲಿ ಬರುವ ಎಎಲ್‌ಎಸ್‌ನ, ಅಂದರೆ ಎಂಎನ್‌ಡಿಯಲ್ಲಿ ಹೆಚ್ಚು ಕಾಣುವ ಬಗೆಯ, ಲೆಕ್ಕ. ಇಪ್ಪತ್ತೈದರ ಒಳಗೆ ಶುರುವಾಗುವ ಮೋಟಾರ್ ನ್ಯೂರಾನ್ ಕಾಯಿಲೆಯ ಹೆಸರಿನಡಿ ಹತ್ತಾರು ಬೇರೆ ಬೇರೆ ಕಾಯಿಲೆಗಳಿವೆ. ಅವುಗಳಲ್ಲಿ ಒಂದು ವಿಟಮಿನ್‌ಗೆ ಬಗ್ಗುತ್ತದೆ. ಒಂದು ಕೆಲವು ವರ್ಷಕ್ಕೆ ತಾನಾಗಿಯೇ ನಿಲ್ಲುತ್ತದೆ. ಕೆಲವು ನಲವತ್ತು ವರ್ಷ ನಿಧಾನವಾಗಿ ನಡೆಯುತ್ತವೆ. ಇನ್ನೊಂದು ನಿಜಕ್ಕೂ ಬಹಳ ವೇಗ, ಅದಕ್ಕೆ ಉಸಿರಾಟದ ಸಿದ್ಧತೆ ಮೊದಲ ದಿನದಿಂದಲೇ ಬೇಕು. ಯಾವುದು ಎಂದು ಗೊತ್ತಾಗುವವರೆಗೆ ‘ಎಂಎನ್‌ಡಿ’ ಅನ್ನುವುದು ಅರ್ಧ ಉತ್ತರ ಮಾತ್ರ. ಚಿಕ್ಕವರಲ್ಲಿ ಉಳಿದರ್ಧ ಸಾಮಾನ್ಯವಾಗಿ ಜೀನ್‌ನಲ್ಲಿರುತ್ತದೆ.

ಈ ಲೇಖನ ಆ ಉಳಿದರ್ಧವನ್ನು ಹುಡುಕುವವರಿಗೆ. ಪರೀಕ್ಷೆಗಳ ಸರದಿ ಇಲ್ಲಿ ತುಂಬ ಮುಖ್ಯ. ಸರದಿ ತಪ್ಪಿದರೆ ದುಡ್ಡು ಹೋಗುತ್ತದೆ. ಅದಕ್ಕಿಂತ ಜಾಸ್ತಿ, ವಾಸಿಯಾಗಬಹುದಾದ ಕಾಯಿಲೆಗೆ ಔಷಧ ಕೊಡುವ ಸಮಯ ಹೋಗುತ್ತದೆ.

ಹೆಜ್ಜೆ 1: ಮೊದಲು ಎಂಎನ್‌ಡಿ ಹೌದಾ ಎಂದು ಖಚಿತ ಮಾಡಿಕೊಳ್ಳಿ

ಮೆದುಳಿನಿಂದ ಬೆನ್ನುಹುರಿಗೆ, ಬೆನ್ನುಹುರಿಯಿಂದ ಮಾಂಸಖಂಡಕ್ಕೆ ‘ಅಲ್ಲಾಡು’ ಎಂದು ಆಜ್ಞೆ ಒಯ್ಯುವ ನರಕೋಶಗಳೇ ಮೋಟಾರ್ ನ್ಯೂರಾನ್‌ಗಳು. ಕೆಳಗಿನ ಕೋಶಗಳು ಸತ್ತರೆ ಕೈಕಾಲು ಸೊರಗುತ್ತದೆ, ಮಾಂಸ ಚರ್ಮದಡಿ ಪಟಪಟ ಹೊಡೆದುಕೊಳ್ಳುತ್ತದೆ. ಮೇಲಿನವು ಕೆಟ್ಟರೆ ಬಿಗಿತ ಬರುತ್ತದೆ, ನಡೆಯುವಾಗ ಕಾಲು ಕತ್ತರಿಯಾಗುತ್ತದೆ. ಸ್ಪರ್ಶಜ್ಞಾನ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ.

ಈ ಲಕ್ಷಣಗಳನ್ನು ಅನುಕರಿಸುವ ಕಾಯಿಲೆಗಳೂ ಇವೆ. ಹದಿನೈದರಿಂದ ಇಪ್ಪತ್ತೈದರೊಳಗಿನ ಹುಡುಗರಲ್ಲಿ ಮೊದಲು ನೆನಪಿಗೆ ಬರಬೇಕಾದದ್ದು ಹಿರಯಾಮ ಕಾಯಿಲೆ. ಜಪಾನಿನ ಕೇಜೊ ಹಿರಯಾಮ 1959ರಲ್ಲಿ ಇದನ್ನು ವರ್ಣಿಸಿದರು. ಇದೇ ಬಗೆಯಲ್ಲಿ ಒಂದೇ ಕೈ ಅಥವಾ ಒಂದೇ ಕಾಲು ಸೊರಗುವ ರೋಗಿಗಳನ್ನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಗೌರಿದೇವಿ ಮತ್ತು ಸಹೋದ್ಯೋಗಿಗಳು ಗುರುತಿಸಿ 1984ರಲ್ಲಿ ‘ಮಾನೋಮೆಲಿಕ್ ಅಮಯೊಟ್ರಫಿ’ ಎಂಬ ಹೆಸರು ಕೊಟ್ಟರು. ಜಗತ್ತಿನ ನರರೋಗ ತಜ್ಞರು ಇಂದಿಗೂ ಬಳಸುವ ಹೆಸರು ಅದು. ಹುಡುಗನ ಒಂದು ಅಂಗೈ, ಮುಂಗೈ ಸಣ್ಣಗಾಗುತ್ತದೆ. ಚಳಿಗಾಲದ ಬೆಳಗ್ಗೆ ಬೆರಳುಗಳು ಸೆಟೆದು ಬೈಕಿನ ಬ್ರೇಕ್ ಹಿಡಿಯಲಾಗದು, ಬಿಸಿಲೇರಿದ ಮೇಲೆ ಸ್ವಲ್ಪ ಸುಧಾರಿಸುತ್ತದೆ. ಮುಂಗೈಯ ಹೆಬ್ಬೆರಳಿನ ಕಡೆ ಮೊಣಕೈವರೆಗೆ ಹೋಗುವ ಒಂದು ಮಾಂಸಖಂಡ ಮಾತ್ರ ದಪ್ಪಗೆ ಹಾಗೇ ಉಳಿದು, ಪಕ್ಕದ್ದು ಇಳಿದುಹೋಗಿ ಓರೆ ಗೆರೆ ಕಾಣುತ್ತದೆ. ಕತ್ತು ಬಗ್ಗಿಸಿದಾಗ ಬೆನ್ನುಹುರಿ ಒತ್ತಿಹೋಗುವುದರಿಂದ ಆಗುವ ತೊಂದರೆ ಇದು. ಬಹುತೇಕರಲ್ಲಿ ಇದರ ಹಿಂದೆ ಜೀನ್ ದೋಷವಿಲ್ಲ, ಕೆಲವು ವರ್ಷದಲ್ಲಿ ತಾನೇ ನಿಲ್ಲುತ್ತದೆ. ಆರಂಭದಲ್ಲಿ ಕತ್ತಿನ ಪಟ್ಟಿ ಹಾಕಿದರೆ ಎಷ್ಟೋ ಕೈ ಉಳಿಯುತ್ತದೆ.

ನೇರ ಮಲಗಿಸಿ ತೆಗೆದ ಎಂಆರ್‌ಐಯಲ್ಲಿ ಇದು ಎಷ್ಟೋ ಸಲ ಕಾಣುವುದೇ ಇಲ್ಲ. ಆದ್ದರಿಂದ ಕೇಳಬೇಕಾದ ಮಾತು: “ಸಾರ್, ಕತ್ತು ಬಗ್ಗಿಸಿ ಎಂಆರ್‌ಐ ತೆಗೆದಿದ್ದಾರಾ?” ಕೇಳಲು ಸಂಕೋಚ ಬೇಡ.

ಇದರ ಜೊತೆಗೆ ನರ ಮತ್ತು ಮಾಂಸಖಂಡದ ವಿದ್ಯುತ್ ಪರೀಕ್ಷೆ (ಎನ್‌ಸಿಎಸ್, ಇಎಂಜಿ), ಸಿಕೆ (ಮಾಂಸಖಂಡದ ಕಿಣ್ವದ ರಕ್ತಪರೀಕ್ಷೆ), ಥೈರಾಯ್ಡ್, ಬಿ12, ಎಚ್‌ಐವಿ ಇಷ್ಟು ಆಗಿರಬೇಕು. ಎನ್‌ಸಿಎಸ್‌ನಲ್ಲಿ ‘ಕಂಡಕ್ಷನ್ ಬ್ಲಾಕ್’ ಎಂದು ಬಂದಿದ್ದರೆ ಅಲ್ಲೇ ನಿಲ್ಲಿ. ಅದು ಮಲ್ಟಿಫೋಕಲ್ ಮೋಟಾರ್ ನ್ಯೂರೋಪತಿ ಇರಬಹುದು. ಅದಕ್ಕೆ ಇಮ್ಯುನೋಗ್ಲೊಬುಲಿನ್ ಡ್ರಿಪ್ ಕೆಲಸ ಮಾಡುತ್ತದೆ, ಜೀನ್ ಪರೀಕ್ಷೆಯ ಅಗತ್ಯ ಬೀಳುವುದಿಲ್ಲ.

ಹೆಜ್ಜೆ 2: ಒಂದು ಹಾಳೆಯಲ್ಲಿ ಮನೆತನ ಬರೆಯಿರಿ

ಇದಕ್ಕೆ ಖರ್ಚಿಲ್ಲ, ಆದರೆ ಉಪಯೋಗ ಬಹಳ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ ಹಾಕಿ. ಮೂರು ತಲೆಮಾರು ಸಾಕು. ಮದುವೆಯ ಗೆರೆ ಎಳೆಯುವಾಗ ಸಂಬಂಧದಲ್ಲೇ ಆದ ಮದುವೆಗೆ ಎರಡು ಗೆರೆ ಎಳೆಯಿರಿ. ಸೋದರಮಾವನನ್ನು ಮದುವೆಯಾದವರು, ಅತ್ತೆ ಮಗನನ್ನು ಮದುವೆಯಾದವರು, ಯಾರನ್ನೂ ಬಿಡಬೇಡಿ.

ಹಿರಿಯರನ್ನು ಕೇಳುವಾಗ ‘ಎಂಎನ್‌ಡಿ ಯಾರಿಗಾದರೂ ಇತ್ತಾ?’ ಎಂದರೆ ಇಲ್ಲ ಎಂದೇ ಉತ್ತರ ಬರುತ್ತದೆ. ಆ ಕಾಲದಲ್ಲಿ ಆ ಹೆಸರೇ ಯಾರಿಗೂ ಗೊತ್ತಿರಲಿಲ್ಲ ಅಲ್ವಾ? ಹೀಗೆ ಕೇಳಿ: ಅಜ್ಜಿ, ನಿಮ್ಮ ಅಣ್ಣತಮ್ಮಂದಿರಲ್ಲಿ ಯಾರಾದರೂ ಕುಂಟುತ್ತಿದ್ದರಾ? ಚಿಕ್ಕಂದಿನಲ್ಲಿ ಸರಿಯಾಗಿದ್ದು ಆಮೇಲೆ ಕಿವಿ ಕೇಳದಂತಾದವರು? ‘ಪೋಲಿಯೋ’ ಅಂತ ಹೇಳುತ್ತಿದ್ದರೂ ಹನ್ನೆರಡು ಹದಿನಾಲ್ಕು ವರ್ಷಕ್ಕೆ ಶುರುವಾದದ್ದು? ಮಾತು ತೊದಲಿ, ನುಂಗಲಾಗದೆ ತೀರಿಕೊಂಡವರು? ಎಳೆ ಕೂಸಿನಲ್ಲೇ ಹೋದ ಮಕ್ಕಳು? ಹೀಗೆ ಕೇಳಿದಾಗ ಅಜ್ಜಿಯ ತಮ್ಮನ ಕಥೆ ಹೊರಗೆ ಬರುತ್ತದೆ. ಪೋಲಿಯೋ ಸಾಮಾನ್ಯವಾಗಿ ಪುಟ್ಟ ಮಕ್ಕಳಿಗೆ ಜ್ವರದ ಜೊತೆ ದಿಢೀರನೆ ಬರುತ್ತಿತ್ತು. ಹದಿಹರೆಯದಲ್ಲಿ ವರ್ಷಗಟ್ಟಲೆ ನಿಧಾನಕ್ಕೆ ಸೊರಗಿದ್ದರೆ ಅದು ಬೇರೆ ಏನೋ.

ಈ ಹಾಳೆ ನೋಡಿ ತಜ್ಞರು ಕಾಯಿಲೆ ಬಂದ ಬಗೆ ಊಹಿಸುತ್ತಾರೆ. ತಂದೆ, ತಾಯಿ ಇಬ್ಬರೂ ಆರೋಗ್ಯವಂತರು, ಸಂಬಂಧದಲ್ಲೇ ಮದುವೆ, ಮಕ್ಕಳಲ್ಲಿ ಒಬ್ಬಿಬ್ಬರಿಗೆ ಕಾಯಿಲೆ ಎಂದರೆ ಹೆಚ್ಚಾಗಿ ರಿಸೆಸಿವ್. ಇಬ್ಬರ ಬಳಿಯೂ ಕೆಟ್ಟ ಪ್ರತಿ ಒಂದೊಂದು ಇರುತ್ತದೆ, ಎರಡೂ ಸೇರಿದ ಮಗುವಿಗೆ ಕಾಯಿಲೆ ಬರುತ್ತದೆ. ಪ್ರತಿ ಬಸಿರಿನಲ್ಲೂ ಆ ಸಾಧ್ಯತೆ ನಾಲ್ಕರಲ್ಲಿ ಒಂದು. ತಲೆಮಾರಿಂದ ತಲೆಮಾರಿಗೆ ಇಳಿದಿದ್ದರೆ ಡಾಮಿನೆಂಟ್, ಸಾಧ್ಯತೆ ಅರ್ಧಕ್ಕರ್ಧ. ಮನೆತನದಲ್ಲಿ ಯಾರಿಗೂ ಇಲ್ಲ, ಸಂಬಂಧದ ಮದುವೆಯೂ ಅಲ್ಲ ಎಂದ ಮಾತ್ರಕ್ಕೆ ಜೀನ್ ಕಾರಣವಲ್ಲ ಎಂದುಕೊಳ್ಳಬೇಡಿ. ತಂದೆ ತಾಯಿಯಲ್ಲಿಲ್ಲದ ದೋಷ ಮಗುವಿನಲ್ಲಿ ಹೊಸದಾಗಿ ಹುಟ್ಟಬಹುದು. ಅತಿ ಚಿಕ್ಕ ವಯಸ್ಸಿನ, ಅತಿ ವೇಗದ ಎಎಲ್‌ಎಸ್‌ನಲ್ಲಿ ಇದು ಸಾಮಾನ್ಯ.

ಇಲ್ಲೊಂದು ಮಾತು ಹೇಳಲೇಬೇಕು. ‘ನಿಮ್ಮ ಕಡೆಯಿಂದ ಬಂದಿದ್ದು’ ಎಂದು ಸೊಸೆಯತ್ತ ಬೆರಳು ತೋರಿಸುವುದನ್ನು ದಯವಿಟ್ಟು ನಿಲ್ಲಿಸಿ. ರಿಸೆಸಿವ್ ಕಾಯಿಲೆ ಎರಡೂ ಕಡೆಯಿಂದ ಬರುತ್ತದೆ. ಹೊಸದಾಗಿ ಹುಟ್ಟಿದ ದೋಷಕ್ಕೆ ಯಾರೂ ಹೊಣೆಯಲ್ಲ. ಆ ಮಾತಿನಿಂದ ತಾಯಂದಿರು ರಕ್ತ ಕೊಡಲೂ ಹೆದರುತ್ತಾರೆ, ಪರೀಕ್ಷೆ ಅಲ್ಲೇ ನಿಲ್ಲುತ್ತದೆ.

ಹೆಜ್ಜೆ 3: ಕಿವಿಯ ಪರೀಕ್ಷೆ ಬಿಡಬೇಡಿ

ಇದಕ್ಕೆ ಪ್ರತ್ಯೇಕ ಹೆಜ್ಜೆ ಕೊಟ್ಟಿರುವುದಕ್ಕೆ ಕಾರಣವಿದೆ. ದಕ್ಷಿಣ ಭಾರತದವರಿಗೆ ಇದು ವಿಶೇಷವಾಗಿ ಸಂಬಂಧಿಸಿದ್ದು.

1970ರಲ್ಲಿ ಮದ್ರಾಸಿನ ವೈದ್ಯರು ಒಂದು ವಿಚಿತ್ರ ಗುಂಪಿನ ರೋಗಿಗಳನ್ನು ವರದಿ ಮಾಡಿದರು. ಎಲ್ಲರೂ ಎಳೆಯರು. ಕೈಕಾಲು ಸೊರಗುತ್ತಿತ್ತು, ಮುಖದ ಮಾಂಸಖಂಡ ಸೋಲುತ್ತಿತ್ತು, ನಾಲಿಗೆ ಸಣ್ಣಗಾಗುತ್ತಿತ್ತು, ಜೊತೆಗೆ ಕಿವಿ ಕೇಳಿಸುತ್ತಿರಲಿಲ್ಲ. ಆದರೂ ಕಾಯಿಲೆ ಬಹಳ ನಿಧಾನ, ಎಷ್ಟೋ ಜನ ದಶಕಗಟ್ಟಲೆ ಬದುಕುತ್ತಿದ್ದರು. ಇದಕ್ಕೆ ‘ಮದ್ರಾಸ್ ಮೋಟಾರ್ ನ್ಯೂರಾನ್ ಕಾಯಿಲೆ’ ಎಂಬ ಹೆಸರು ಬಂತು. ತಮಿಳುನಾಡು, ಆಂಧ್ರ, ಕರ್ನಾಟಕದಿಂದಲೇ ಹೆಚ್ಚಿನ ರೋಗಿಗಳು. ನಿಮ್ಹಾನ್ಸ್ ನೂರಕ್ಕೂ ಹೆಚ್ಚು ಮಂದಿಯನ್ನು ದೀರ್ಘಕಾಲ ಗಮನಿಸಿ 2008ರಲ್ಲಿ ವಿವರ ಪ್ರಕಟಿಸಿತು.

ಇದೇ ಲಕ್ಷಣಗಳಿರುವ ಇನ್ನೊಂದು ಕಾಯಿಲೆಯನ್ನು 1894ರಲ್ಲೇ ಬ್ರೌನ್ ಎಂಬ ವೈದ್ಯರು ವರ್ಣಿಸಿದ್ದರು. ಅದರ ಕಾರಣ 2010ರಲ್ಲಿ ಗೊತ್ತಾಯಿತು. ರಿಬೋಫ್ಲೇವಿನ್, ಅಂದರೆ ಬಿ2 ವಿಟಮಿನ್ ಅನ್ನು ಕೋಶದೊಳಕ್ಕೆ ಒಯ್ಯುವ ಜೀನ್‌ನಲ್ಲಿ ದೋಷ. ಹೆಸರು ಎಸ್‌ಎಲ್‌ಸಿ52ಎ3. ಆಮೇಲೆ ಎಸ್‌ಎಲ್‌ಸಿ52ಎ2 ಕೂಡ ಸಿಕ್ಕಿತು. ಊಟದಲ್ಲಿ ವಿಟಮಿನ್ ಇದ್ದರೂ ನರಕೋಶಕ್ಕೆ ತಲುಪುವುದಿಲ್ಲ. ತುಂಬ ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಅಷ್ಟಿಷ್ಟು ನುಗ್ಗುತ್ತದೆ, ಎಷ್ಟೋ ಮಂದಿಗೆ ಅಷ್ಟೇ ಸಾಕಾಗುತ್ತದೆ. ಔಷಧ ಬೇಗ ಶುರುವಾದ ಮಕ್ಕಳಲ್ಲಿ ಉಸಿರಾಟ, ಕೈಕಾಲಿನ ಬಲ ಮರಳಿ ಬಂದದ್ದು ವೈದ್ಯಕೀಯ ದಾಖಲೆಗಳಲ್ಲಿದೆ.

ಹೀಗಾಗಿ ಕಿವಿ ಮಂದ, ಮುಖ ಅಥವಾ ನುಂಗುವಿಕೆ ದುರ್ಬಲ, ಕೈ ಸೊರಗಿದೆ ಎಂದರೆ ಜೀನ್ ವರದಿಗಾಗಿ ಕಾಯದೆ ರಿಬೋಫ್ಲೇವಿನ್ ಶುರು ಮಾಡುವ ಬಗ್ಗೆ ನರರೋಗ ತಜ್ಞರ ಬಳಿ ಅದೇ ದಿನ ಮಾತಾಡಿ. ದಿನಕ್ಕೆ, ದೇಹದ ತೂಕದ ಕಿಲೋಗೆ 10 ಮಿಲಿಗ್ರಾಂನಿಂದ 50 ಮಿಲಿಗ್ರಾಂವರೆಗೆ ಕೊಡುತ್ತಾರೆ. ಮೆಡಿಕಲ್ ಶಾಪಿನ ಸಾಮಾನ್ಯ ಬಿ ಕಾಂಪ್ಲೆಕ್ಸ್ ಮಾತ್ರೆಯಲ್ಲಿ ಇರುವುದು ಇದರ ಸಣ್ಣ ಚೂರು, ಅದನ್ನೇ ನುಂಗಿ ‘ಪ್ರಯೋಜನವಾಗಲಿಲ್ಲ’ ಎನ್ನಬೇಡಿ. ಮೂತ್ರ ಕಡು ಹಳದಿಯಾಗುತ್ತದೆ, ಗಾಬರಿ ಬೇಡ. ಮದ್ರಾಸ್ ಎಂಎನ್‌ಡಿ ಎಂದು ಹೆಸರು ಪಡೆದ ಎಲ್ಲರಲ್ಲೂ ಈ ಜೀನ್ ಸಿಗುವುದಿಲ್ಲ. ಆದರೆ ಇರುವವರನ್ನು ತಪ್ಪಿಸಿಕೊಂಡರೆ ಆಗುವ ನಷ್ಟ ಎಣಿಸಲಾಗದು. ಕಿವಿ ಚೆನ್ನಾಗೇ ಕೇಳುತ್ತದೆ ಎಂದು ಅನಿಸಿದರೂ ಆಡಿಯೋಮೆಟ್ರಿ ಒಂದು ಮಾಡಿಸಿ. ನಿಧಾನಕ್ಕೆ ಕಳೆದುಕೊಂಡ ಕಿವಿಗೆ ಮಕ್ಕಳು ತುಟಿ ನೋಡಿ ಹೊಂದಿಕೊಂಡಿರುತ್ತಾರೆ.

ಹೆಜ್ಜೆ 4: ಲಕ್ಷಣ ಯಾವ ಜೀನ್ ಕಡೆ ತೋರಿಸುತ್ತಿದೆ?

ಇದನ್ನು ನಿರ್ಧರಿಸುವುದು ತಜ್ಞರ ಕೆಲಸ. ಆದರೂ ನಿಮಗೆ ಹೆಸರುಗಳು ಗೊತ್ತಿದ್ದರೆ ಮಾತುಕತೆ ಸುಲಭ.

ಕುಳಿತಲ್ಲಿಂದ ಏಳಲು, ಮೆಟ್ಟಿಲು ಹತ್ತಲು ಕಷ್ಟ, ತೊಡೆ ಮತ್ತು ಭುಜ ಸೋತಿದೆ, ಬೆರಳುಗಳಲ್ಲಿ ಸಣ್ಣ ನಡುಕ: ಎಸ್‌ಎಂಎ, ಅಂದರೆ ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ. ಎಳೆಗೂಸುಗಳ ಕಾಯಿಲೆ ಎಂದೇ ಜನ ತಿಳಿದಿದ್ದಾರೆ. ಮೂರನೇ ಬಗೆ ಶಾಲೆ, ಕಾಲೇಜು ವಯಸ್ಸಿನಲ್ಲೂ, ನಾಲ್ಕನೇ ಬಗೆ ಇನ್ನೂ ದೊಡ್ಡವರಾದ ಮೇಲೂ ಬರುತ್ತದೆ. ಸ್ನಾಯುಕ್ಷಯ (ಮಸ್ಕ್ಯುಲರ್ ಡಿಸ್ಟ್ರೊಫಿ) ಎಂದು ತಪ್ಪು ಹೆಸರು ಪಡೆದು ವರ್ಷಗಟ್ಟಲೆ ಓಡಾಡಿದವರಿದ್ದಾರೆ. ಕಾರಣ ಎಸ್‌ಎಂಎನ್1 ಜೀನ್, 1995ರಲ್ಲಿ ಪತ್ತೆಯಾಯಿತು.

ಕಾಲು ಬಿಗಿ, ನಡಿಗೆ ಗಟ್ಟಿ, ಓದಿನಲ್ಲಿ ಹಿಂದೆ ಬೀಳುತ್ತಿದ್ದಾನೆ, ಮೆದುಳಿನ ಎಂಆರ್‌ಐಯಲ್ಲಿ ಎರಡು ಭಾಗ ಜೋಡಿಸುವ ಪಟ್ಟಿ ತೆಳುವಾಗಿದೆ: ಎಸ್‌ಪಿಜಿ11. ರಿಸೆಸಿವ್ ಬಗೆಯ ಎಳೆವಯಸ್ಸಿನ ಎಎಲ್‌ಎಸ್‌ನಲ್ಲಿ ಹೆಚ್ಚಾಗಿ ಸಿಗುವ ಜೀನ್ ಇದು. ಸಂಬಂಧದಲ್ಲಿ ಮದುವೆ ರೂಢಿಯಿರುವ ನಮ್ಮ ಕಡೆ ಇದನ್ನು ಮರೆಯುವ ಹಾಗಿಲ್ಲ. ಬಾಲ್ಯದಲ್ಲೇ ಶುರುವಾಗಿ ಬಿಗಿತವೇ ಮುಖ್ಯವಾಗಿದ್ದರೆ ಎಎಲ್‌ಎಸ್2. ಇದು 2001ರಲ್ಲಿ ಟ್ಯುನೀಶಿಯ ಮತ್ತು ಕುವೈತ್‌ನ ಕುಟುಂಬಗಳಲ್ಲಿ ಪತ್ತೆಯಾಯಿತು. ಎರಡೂ ನಿಧಾನದ ಕಾಯಿಲೆಗಳು. ಎಸ್‌ಇಟಿಎಕ್ಸ್ ಎಂಬ ಇನ್ನೊಂದು ಇದೆ, ಡಾಮಿನೆಂಟ್, ಆಯುಷ್ಯವನ್ನು ಸಾಮಾನ್ಯವಾಗಿ ಕಡಿಮೆ ಮಾಡುವುದಿಲ್ಲ.

ಹದಿಹರೆಯದಲ್ಲಿ ಪಾದ ಜೋತುಬಿದ್ದು, ನಡೆಯುವಾಗ ಹೆಜ್ಜೆ ಎತ್ತಿಡುವಂತಾದರೆ ಎಸ್‌ಒಆರ್‌ಡಿ ಜೀನ್ ನೆನಪಿರಲಿ. ರಕ್ತದಲ್ಲಿ ಸಾರ್ಬಿಟಾಲ್ ಎಂಬ ಸಕ್ಕರೆಯ ಅಂಶ ತುಂಬ ಏರಿರುತ್ತದೆ, ಒಂದು ರಕ್ತಪರೀಕ್ಷೆಯಲ್ಲಿ ಸುಳಿವು ಸಿಗುತ್ತದೆ.

ಇನ್ನು ವೇಗದ ಕಾಯಿಲೆ. ಹದಿನೇಳೋ ಇಪ್ಪತ್ತೋ ವಯಸ್ಸು, ಕೆಲವೇ ತಿಂಗಳಲ್ಲಿ ಕೈ, ಕತ್ತು ಸೋತಿತು, ತಲೆ ಮುಂದೆ ವಾಲುತ್ತದೆ, ಮಲಗಿದರೆ ಉಸಿರು ಸಿಗದು. ಕೆಲವರಿಗೆ ಬಾಲ್ಯದಿಂದ ಕಲಿಕೆಯಲ್ಲಿ ಸ್ವಲ್ಪ ತೊಂದರೆ ಇದ್ದಿರುತ್ತದೆ. ಇದು ಎಫ್‌ಯುಎಸ್ ಜೀನ್ ಇರಬಹುದು. ಇಲ್ಲಿ ಒಂದೊಂದು ವಾರವೂ ಮುಖ್ಯ. ಪರೀಕ್ಷೆ ಕಳಿಸಿದ ದಿನವೇ ಶ್ವಾಸಕೋಶದ ಬಲ ಅಳೆಸಿ, ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರದ ಮಾತು ಎತ್ತಿ.

ಎಸ್‌ಪಿಟಿಎಲ್‌ಸಿ1 ಎಂಬ ಜೀನ್‌ನ ದೋಷದ ಬಗ್ಗೆ ಒಂದು ಎಚ್ಚರಿಕೆ. 2021ರಲ್ಲಿ ಅಮೆರಿಕದ ಸಂಶೋಧಕರು 7 ಕುಟುಂಬಗಳ 11 ಎಳೆಯ ರೋಗಿಗಳಲ್ಲಿ ಇದನ್ನು ಕಂಡರು. ದೇಹ ಒಂದು ಬಗೆಯ ಕೊಬ್ಬನ್ನು ಅತಿಯಾಗಿ ತಯಾರಿಸುತ್ತದೆ. ಅದಕ್ಕೆ ಬೇಕಾದ ಕಚ್ಚಾವಸ್ತು ಸೆರೀನ್ ಎಂಬ ಅಮೈನೊ ಆಮ್ಲ. ಎಎಲ್‌ಎಸ್‌ಗೆ ಒಳ್ಳೆಯದೆಂದು ಆನ್‌ಲೈನಿನಲ್ಲಿ ಸೆರೀನ್ ಪುಡಿ ಮಾರುತ್ತಾರೆ. ಈ ಜೀನ್ ದೋಷ ಇರುವವರಿಗೆ ಅದು ಕಾಯಿಲೆ ಹೆಚ್ಚಿಸಬಹುದು. ಜೀನ್ ಗೊತ್ತಾಗುವ ಮೊದಲು ಸುಮ್ನೆ ಯಾವ ಪುಡಿಯನ್ನೂ ತರಿಸಿಕೊಳ್ಳಬೇಡಿ.

ಹೆಜ್ಜೆ 5: ಪರೀಕ್ಷೆಯ ಸರದಿ

‘ಎಕ್ಸೋಮ್ ಮಾಡಿಸಿದ್ದೇವೆ, ಏನೂ ಬರಲಿಲ್ಲ’ ಎಂದು ಹೇಳುವ ಕುಟುಂಬಗಳು ಬಹಳ. ಎಕ್ಸೋಮ್ ಪರೀಕ್ಷೆ ಸುಮಾರು ಇಪ್ಪತ್ತು ಸಾವಿರ ಜೀನ್‌ಗಳ ಮುಖ್ಯ ಭಾಗವನ್ನು ಅಕ್ಷರ ಅಕ್ಷರ ಓದುತ್ತದೆ. ಆದರೆ ಪುಸ್ತಕದಲ್ಲಿ ಅಕ್ಷರ ತಪ್ಪು ಹುಡುಕುವವನಿಗೆ ಹಾಳೆಯೇ ಹರಿದುಹೋಗಿದ್ದು ಗೊತ್ತಾಗದಿರಬಹುದಲ್ಲ, ಹಾಗೆ ಕೆಲವು ದೋಷ ಅದರ ಕಣ್ಣಿಗೆ ಬೀಳುವುದಿಲ್ಲ.

ಎಸ್‌ಎಂಎ ಇದಕ್ಕೆ ದೊಡ್ಡ ಉದಾಹರಣೆ. ಸುಮಾರು ನೂರಕ್ಕೆ ತೊಂಬತ್ತೈದು ರೋಗಿಗಳಲ್ಲಿ ಎಸ್‌ಎಂಎನ್1 ಜೀನ್‌ನ ಏಳನೇ ತುಣುಕೇ ಇರುವುದಿಲ್ಲ. ಪಕ್ಕದಲ್ಲಿ ಎಸ್‌ಎಂಎನ್2 ಎಂಬ ಹೆಚ್ಚುಕಡಿಮೆ ಅದೇ ತರಹದ ಜೀನ್ ಕುಳಿತಿರುತ್ತದೆ. ಯಂತ್ರ ಎರಡನ್ನೂ ಕಲಸಿಕೊಳ್ಳುತ್ತದೆ. ಆದ್ದರಿಂದ ಎಕ್ಸೋಮ್‌ಗೆ ಮೊದಲು ಎಂಎಲ್‌ಪಿಎ ಎಂಬ ಬೇರೆ ಪರೀಕ್ಷೆ ಮಾಡಿಸಿ. ಅಗ್ಗ, ಬೇಗ ಬರುತ್ತದೆ, ಔಷಧ ಇರುವ ಕಾಯಿಲೆಯನ್ನು ಹಿಡಿಯುತ್ತದೆ. ಎಸ್‌ಎಂಎನ್2 ಎಷ್ಟು ಪ್ರತಿ ಇವೆ ಎಂದೂ ಬರೆದುಕೊಡಲು ಹೇಳಿ.

ಒಂದೇ ಅಕ್ಷರಗುಂಪು ಪದೇ ಪದೇ ಬರುವ ದೋಷಗಳನ್ನೂ ಎಕ್ಸೋಮ್ ಸರಿಯಾಗಿ ಹಿಡಿಯದು. ಗಂಡಸರಲ್ಲಿ, ಸಾಮಾನ್ಯವಾಗಿ ಮೂವತ್ತರ ನಂತರ, ಗಲ್ಲದ ಮಾಂಸ ಹೊಡೆದುಕೊಳ್ಳುವುದು, ಎದೆ ಹೆಂಗಸರಂತೆ ಬೆಳೆಯುವುದು ಕಂಡರೆ ಕೆನಡಿ ಕಾಯಿಲೆಗೆ ಪ್ರತ್ಯೇಕ ಪರೀಕ್ಷೆ ಬೇಕು. ಸಿ9ಓಆರ್‌ಎಫ್72 ಎಂಬ ಜೀನ್‌ನ ದೋಷವೂ ಹಾಗೇ. ಆದರೆ ಅದು ಯುರೋಪಿನ ಹಿರಿಯರಲ್ಲಿ ಹೆಚ್ಚು, ಇಪ್ಪತ್ತರ ಹುಡುಗನಿಗೆ ಮೊದಲ ಸಾಲಿನಲ್ಲಿ ಬೇಡ. ನಡೆ ತೂರಾಡುವುದು, ಮನಸ್ಸಿನ ಕಾಯಿಲೆ ಜೊತೆಗಿದ್ದರೆ ಹೆಕ್ಸೊಸಮಿನಿಡೇಸ್ ಎ ಕಿಣ್ವದ ರಕ್ತಪರೀಕ್ಷೆ ಕೇಳಿ.

ಇವು ಮುಗಿದ ಮೇಲೆ ಎಕ್ಸೋಮ್. ಸಾಧ್ಯವಾದರೆ ತಂದೆ, ತಾಯಿಯ ರಕ್ತವನ್ನೂ ಒಟ್ಟಿಗೇ ಕಳಿಸಿ. ಹೊಸದಾಗಿ ಹುಟ್ಟಿದ ದೋಷ ತಕ್ಷಣ ಎದ್ದು ಕಾಣುತ್ತದೆ. ಖಾಸಗಿ ಲ್ಯಾಬಿನಲ್ಲಿ ಹತ್ತಾರು ಸಾವಿರ ರೂಪಾಯಿ ಬೀಳುತ್ತದೆ. ಕಟ್ಟುವ ಮೊದಲು ನಿಮ್ಹಾನ್ಸ್‌ನ ನರಸ್ನಾಯು ವಿಭಾಗದಲ್ಲಿ ಅಥವಾ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಲ್ಲಿ ವಿಚಾರಿಸಿ. ರಿಯಾಯಿತಿ ಅಥವಾ ಸಂಶೋಧನೆಯ ಯೋಜನೆ ಇರಬಹುದು. ರಕ್ತ ಕಳಿಸುವ ಫಾರಂನಲ್ಲಿ ಬರೀ ‘ಎಂಎನ್‌ಡಿ’ ಎಂದು ಬರೆಯಬಾರದು. ವಯಸ್ಸು, ಎಲ್ಲಿಂದ ಶುರು, ಕಿವಿ, ಎಂಆರ್‌ಐ, ಮನೆತನದ ಹಾಳೆ ಎಲ್ಲ ಜೊತೆಗಿರಲಿ. ಲ್ಯಾಬಿನವರು ಓದುವ ಸಾವಿರಾರು ವ್ಯತ್ಯಾಸಗಳಲ್ಲಿ ಯಾವುದಕ್ಕೆ ಬೆಲೆ ಕೊಡಬೇಕು ಎಂಬುದು ಆ ಫಾರಂನಿಂದಲೇ ತೀರ್ಮಾನವಾಗುತ್ತದೆ.

ಹೆಜ್ಜೆ 6: ವರದಿಯ ಒಂದು ಸಾಲನ್ನು ಓದುವುದು

ಹತ್ತು ಪುಟದ ವರದಿಯಲ್ಲಿ ಮುಖ್ಯವಾದದ್ದು ಒಂದು ಪಟ್ಟಿಯ ಒಂದು ಸಾಲು. ಉದಾಹರಣೆಗೆ: ‘ಎಫ್‌ಯುಎಸ್, ಪಿ525ಎಲ್, ಹೆಟರೋಜೈಗಸ್, ಡಾಮಿನೆಂಟ್, ಪ್ಯಾಥೋಜೆನಿಕ್.’

ಮೊದಲನೆಯದು ಜೀನ್. ಎರಡನೆಯದು ಪ್ರೊಟೀನಿನ ಎಷ್ಟನೇ ಜಾಗದಲ್ಲಿ ಏನು ಬದಲಾಗಿದೆ ಎಂಬುದು. ಇಲ್ಲಿ 525ನೇ ಜಾಗದ ಪ್ರೋಲಿನ್ ಹೋಗಿ ಲ್ಯೂಸಿನ್ ಬಂದಿದೆ. ಹೆಟರೋಜೈಗಸ್ ಎಂದರೆ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿದೆ. ಡಾಮಿನೆಂಟ್ ಕಾಯಿಲೆಗೆ ಒಂದೇ ಸಾಕು. ಅದೇ ಎಸ್‌ಪಿಜಿ11ನಂಥ ರಿಸೆಸಿವ್ ಜೀನ್‌ನಲ್ಲಿ ಒಂದೇ ಪ್ರತಿ ಕೆಟ್ಟಿದ್ದರೆ ಅದೊಂದೇ ಕಾಯಿಲೆಗೆ ಕಾರಣವಾಗದು. ಎರಡನೆಯದನ್ನು ಹುಡುಕಬೇಕು. ಎರಡು ಬೇರೆ ಬೇರೆ ದೋಷ ಸಿಕ್ಕರೆ ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ ಬಂದಿದೆಯೇ ಎಂದು ಇಬ್ಬರ ರಕ್ತದಲ್ಲೂ ನೋಡಬೇಕು. ಎರಡೂ ಒಬ್ಬರಿಂದಲೇ ಬಂದಿದ್ದರೆ ಲೆಕ್ಕ ಬದಲಾಗುತ್ತದೆ.

ಕೊನೆಯ ಪದ ತುಂಬ ಮುಖ್ಯ. ‘ಪ್ಯಾಥೋಜೆನಿಕ್’, ‘ಲೈಕ್ಲಿ ಪ್ಯಾಥೋಜೆನಿಕ್’ ಎಂದರೆ ಕಾಯಿಲೆಗೆ ಕಾರಣ ಎಂದು ಭರವಸೆಯಿಂದ ಹೇಳಬಹುದು. ‘ವಿಯುಎಸ್’ ಎಂದಿದ್ದರೆ ಒಂದು ಬದಲಾವಣೆ ಸಿಕ್ಕಿದೆ, ಅದರಿಂದ ತೊಂದರೆಯೋ ಇಲ್ಲವೋ ಇನ್ನೂ ತಿಳಿದಿಲ್ಲ ಎಂದರ್ಥ. ವಿಯುಎಸ್ ನೋಡಿಕೊಂಡು ಬಸಿರು ತೆಗೆಸುವ, ಮದುವೆ ಮುರಿಯುವ, ತಂಗಿಯ ರಕ್ತ ಪರೀಕ್ಷಿಸುವ ತೀರ್ಮಾನ ಮಾಡಲೇಬಾರದು. ವರದಿ ಕೈಗೆ ಬಂದ ದಿನ ಜೆನೆಟಿಕ್ ಕೌನ್ಸೆಲರ್ (ಜೀನ್ ವರದಿ ವಿವರಿಸಿ ಸಲಹೆ ಕೊಡುವವರು) ಎದುರು ಕೂತು ಓದಿ, ವಾಟ್ಸ್ಯಾಪ್ ಗ್ರೂಪಿನಲ್ಲಿ ಹಾಕಬೇಡಿ.

ಹೆಜ್ಜೆ 7: ಹೆಸರು ಸಿಕ್ಕಮೇಲೆ

ಎಸ್‌ಎಂಎ ಎಂದಾದರೆ ಇಂದು ಔಷಧಗಳಿವೆ. ಬೆನ್ನಿಗೆ ಚುಚ್ಚುವ ನ್ಯುಸಿನರ್ಸೆನ್‌ಗೆ ಅಮೆರಿಕದಲ್ಲಿ 2016ರಲ್ಲಿ, ಬಾಯಿಂದ ಕುಡಿಯುವ ರಿಸ್ಡಿಪ್ಲಾಂಗೆ 2020ರಲ್ಲಿ ಅನುಮತಿ ಸಿಕ್ಕಿತು. ರಿಸ್ಡಿಪ್ಲಾಂ ಬಾಟಲಿಗೆ ಸುಮಾರು ಆರು ಲಕ್ಷ ರೂಪಾಯಿ ಇದ್ದದ್ದು ಕುಟುಂಬಗಳನ್ನು ಹಿಂಡಿತ್ತು. ಪೇಟೆಂಟ್ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ ಮೂಲ ಕಂಪನಿಗೆ ತಡೆಯಾಜ್ಞೆ ನಿರಾಕರಿಸಿದ ಮೇಲೆ, 2025ರ ಅಕ್ಟೋಬರಿನಲ್ಲಿ ನ್ಯಾಟ್ಕೊ ಕಂಪನಿ ಜೆನೆರಿಕ್ ರೂಪವನ್ನು ಬಾಟಲಿಗೆ 15,900 ರೂಪಾಯಿಗೆ ತಂದಿತು. ‘ನಮ್ಮ ಕೈಲಾಗದು’ ಎಂದು ಹಿಂದೆ ಕೈಬಿಟ್ಟವರು ಮತ್ತೆ ವೈದ್ಯರನ್ನು ಕಾಣಬೇಕು. ಎಸ್‌ಎಂಎ ಕಾಯಿಲೆಯು ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯ ಪಟ್ಟಿಯಲ್ಲಿದೆ. ಗುರುತಿಸಿದ ಕೇಂದ್ರಗಳ ಮೂಲಕ 50 ಲಕ್ಷದವರೆಗೆ ನೆರವಿಗೆ ಅರ್ಜಿ ಹಾಕಬಹುದು.

ಎಎಲ್‌ಎಸ್‌ಗೆ ಕಾರಣವಾಗುವ ಇನ್ನೊಂದು ಜೀನ್ ಎಸ್‌ಒಡಿ1 ಎಂದಾದರೆ ಟೊಫರ್ಸೆನ್ ಇದೆ. ಕೆಟ್ಟ ಪ್ರೊಟೀನಿನ ತಯಾರಿಯನ್ನೇ ಕಡಿಮೆ ಮಾಡುವ ಈ ಔಷಧಿಗೆ ಅಮೆರಿಕ 2023ರ ಏಪ್ರಿಲ್‌ನಲ್ಲಿ ಅನುಮತಿ ಕೊಟ್ಟಿತು. ಎಸ್‌ಒಡಿ1 ಗೊತ್ತಾಗಿ ಮೂವತ್ತು ವರ್ಷದ ನಂತರ ಬಂದ ಔಷಧ ಅದು. ಭಾರತದಲ್ಲಿ ಅದನ್ನು ತರಿಸುವ ದಾರಿ ಬಗ್ಗೆ ನಿಮ್ಮ ನರರೋಗ ತಜ್ಞರನ್ನೇ ಕೇಳಿ.

ಎಫ್‌ಯುಎಸ್‌ಗೆ ಉಲೆಫ್ನರ್ಸೆನ್ ಎಂಬ ಔಷಧ ಪ್ರಯೋಗದ ಹಂತದಲ್ಲಿದೆ. ಅಮೆರಿಕದ ಅಯೋವಾ ರಾಜ್ಯದ ಒಬ್ಬ ಯುವತಿಗಾಗಿಯೇ ಅದನ್ನು ಮೊದಲು ತಯಾರಿಸಿದ್ದು. ಆಕೆಯ ಅವಳಿ ಸೋದರಿ ಅದೇ ಕಾಯಿಲೆಯಿಂದ ಹದಿನೇಳಕ್ಕೇ ಹೋಗಿದ್ದಳು. ಆ ಯುವತಿಯೂ ಉಳಿಯಲಿಲ್ಲ. ಆಮೇಲೆ ಔಷಧ ಪಡೆದ 12 ಮಂದಿಯ ವಿವರ 2025ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಬ್ಬ ಯುವತಿ ಯಂತ್ರವಿಲ್ಲದೆ ಉಸಿರಾಡುವಂತಾದಳು, ಮತ್ತೆ ನಡೆದಳು. ಎಲ್ಲರಿಗೂ ಹಾಗಾಗಲಿಲ್ಲ. ಆದರೂ ಜೀನ್ ಹೆಸರು ಕೈಯಲ್ಲಿದ್ದವರಿಗಷ್ಟೇ ಇಂಥ ಬಾಗಿಲು ತಟ್ಟಲು ಸಾಧ್ಯ.

ಯಾವ ಜೀನ್ ಆದರೂ ಮಾಡಬೇಕಾದ ಕೆಲವಿವೆ. ಮೂರು ತಿಂಗಳಿಗೊಮ್ಮೆ ಉಸಿರಿನ ಅಳತೆ, ತೂಕ ಇಳಿಯದಂತೆ ಊಟ, ನುಂಗುವಾಗ ಕೆಮ್ಮು ಬಂದರೆ ತಕ್ಷಣ ಪರೀಕ್ಷೆ. ಅಂಗವೈಕಲ್ಯದ ಯುಡಿಐಡಿ ಕಾರ್ಡ್ ಮಾಡಿಸಿ. ಓದುವ ಮಕ್ಕಳಿಗೆ ಪರೀಕ್ಷೆಯಲ್ಲಿ ಬರೆಯುವವರ ಸಹಾಯ ಮತ್ತು ಗಂಟೆಗೆ 20 ನಿಮಿಷ ಹೆಚ್ಚು ಸಮಯ ಕೇಳುವ ಅವಕಾಶವಿದೆ. ಕೈ ಸೋತ ಹುಡುಗಿ ಡಿಗ್ರಿ ಬಿಡಬೇಕಿಲ್ಲ.

ಸ್ಟೆಮ್ ಸೆಲ್ ಚಿಕಿತ್ಸೆಗೆ ಹೊಲ ಮಾರಬೇಡಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯ ಪ್ರಕಾರ ಇಂಥ ಕಾಯಿಲೆಗಳಿಗೆ ಅದನ್ನು ಅನುಮತಿ ಪಡೆದ ಸಂಶೋಧನೆಯಲ್ಲಿ ಮಾತ್ರ ಕೊಡಬಹುದು, ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹೆಜ್ಜೆ 8: ಒಡಹುಟ್ಟಿದವರ ವಿಚಾರ

ಅಕ್ಕನ ಮದುವೆ ನೋಡುತ್ತಿದ್ದೇವೆ, ತಮ್ಮನ ಕಾಯಿಲೆ ಹೊರಗೆ ಗೊತ್ತಾಗಬಾರದು ಎಂದು ಪರೀಕ್ಷೆಯನ್ನೇ ಮುಂದೂಡುವ ಮನೆಗಳಿವೆ. ಆ ಭಯ ಅರ್ಥವಾಗುತ್ತದೆ. ಆದರೆ ಪರೀಕ್ಷೆಯೇ ಅಕ್ಕನಿಗೆ ನೆಮ್ಮದಿ ಕೊಡಬಹುದು. ರಿಸೆಸಿವ್ ಕಾಯಿಲೆಯಲ್ಲಿ ಅಕ್ಕ ವಾಹಕಳಾಗಿದ್ದರೂ ಅವಳಿಗೆ ಕಾಯಿಲೆ ಬರುವುದಿಲ್ಲ. ಸಂಬಂಧದ ಹೊರಗೆ ಮದುವೆಯಾಗಿ, ಹುಡುಗನ ರಕ್ತದಲ್ಲೂ ಆ ಒಂದು ಜೀನ್ ನೋಡಿಸಿಕೊಂಡರೆ ಮಕ್ಕಳ ಬಗ್ಗೆ ಅಂದಾಜು ಸಿಗುತ್ತದೆ.

ಡಾಮಿನೆಂಟ್ ಕಾಯಿಲೆಯಲ್ಲಿ ಲಕ್ಷಣವಿಲ್ಲದ ಅಣ್ಣ, ತಂಗಿಯರ ಪರೀಕ್ಷೆ ಬೇರೆ ಮಾತು. ಹದಿನೆಂಟು ತುಂಬಿರಬೇಕು, ಅವರೇ ಬಯಸಿರಬೇಕು, ಕೌನ್ಸೆಲಿಂಗ್ ಆಗಿರಬೇಕು. ತಿಳಿಯುವುದು ಬೇಡ ಎನ್ನುವ ಹಕ್ಕೂ ಅವರಿಗಿದೆ, ಅಪ್ಪ ಅಮ್ಮ ಒತ್ತಾಯಿಸಬಾರದು. ಮುಂದಿನ ಮಗು ಬಯಸುವ ದಂಪತಿಗೆ ಜೀನ್ ದೋಷ ಖಚಿತವಾಗಿದ್ದರೆ 11ರಿಂದ 14 ವಾರದೊಳಗೆ, ಅಥವಾ 16 ವಾರದ ನಂತರ ಗರ್ಭದಲ್ಲೇ ಪರೀಕ್ಷೆ ಸಾಧ್ಯ. ನೋಂದಾಯಿತ ಕೇಂದ್ರದಲ್ಲಿ ಇದು ಕಾನೂನುಬದ್ಧ. ಬಸಿರಾದ ಮೇಲೆ ಓಡಾಡುವುದಕ್ಕಿಂತ ಮೊದಲೇ ಜೀನ್ ವರದಿ ಸಿದ್ಧವಿರಲಿ. ಹೊಸದಾಗಿ ಹುಟ್ಟಿದ ದೋಷ ಎಂದಿದ್ದರೂ ಇದನ್ನು ಕೇಳಿ, ಏಕೆಂದರೆ ಅಪರೂಪಕ್ಕೆ ಅಪ್ಪ ಅಥವಾ ಅಮ್ಮನ ಕೆಲವೇ ಜೀವಕೋಶಗಳಲ್ಲಿ ಅದು ಅಡಗಿರುತ್ತದೆ.

ಏನೂ ಸಿಗದಿದ್ದರೆ

ಎಷ್ಟೋ ಮಂದಿಗೆ ಮೊದಲ ಸುತ್ತಿನಲ್ಲಿ ಉತ್ತರ ಸಿಗುವುದಿಲ್ಲ. ಲ್ಯಾಬಿನಿಂದ ಪಿಡಿಎಫ್ ಜೊತೆ ಮೂಲ ದತ್ತಾಂಶದ ಫೈಲನ್ನೂ ಕೇಳಿ ಪಡೆಯಿರಿ, ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಎಸ್‌ಒಆರ್‌ಡಿ ಈ ಕಾಯಿಲೆಗೆ ಕಾರಣ ಎಂದು ಗೊತ್ತಾದದ್ದು 2020ರಲ್ಲಿ, ಎಸ್‌ಪಿಟಿಎಲ್‌ಸಿ1 ಎಎಲ್‌ಎಸ್‌ಗೂ ಕಾರಣ ಎಂದು ತಿಳಿದದ್ದು 2021ರಲ್ಲಿ. 2019ರಲ್ಲಿ ‘ಏನೂ ಇಲ್ಲ’ ಎಂದು ಬಂದ ವರದಿಯಲ್ಲಿ ಇವೆರಡನ್ನೂ ಯಾರೂ ನೋಡಿರುವುದಿಲ್ಲ. ರಕ್ತ ಮತ್ತೆ ಕೊಡಬೇಕಾಗಿಲ್ಲ. ಅದೇ ಫೈಲನ್ನು ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಓದಿಸಲು ಲಿಖಿತವಾಗಿ ಕೇಳಿ. ಎಸ್‌ಒಆರ್‌ಡಿಗೆ ಮಾತ್ರ ಅದರ ನಕಲು ಜೀನ್ ಅಡ್ಡ ಬರುವುದರಿಂದ, ಪ್ರತ್ಯೇಕವಾಗಿ ನೋಡಿದ್ದೀರಾ ಎಂದು ಕೇಳಿ. ನಿಮ್ಮ ಫೋನ್ ನಂಬರ್ ಬದಲಾದರೆ ಆಸ್ಪತ್ರೆಯ ದಾಖಲೆಯಲ್ಲೂ ಬದಲಿಸಿ. ಉತ್ತರ ಸಿಕ್ಕ ದಿನ ಅವರು ಕರೆ ಮಾಡುವುದು ಆ ನಂಬರಿಗೇ.